ಪೆಟ್ಟಿ ಅಕ್ಕನ ಎರಡನೇ ಸುತ್ತು

ಸೇಲಂ ಬಳಿಯ ಓಮಲೂರಿನಿಂದ ಒಳಕ್ಕೆ ಹೋಗುವ ಮಣ್ಣುದಾರಿಯ ಪಕ್ಕ, ಕಡಲೆಕಾಯಿ ಕಿತ್ತು ಬರಿದಾದ ಹೊಲವೊಂದರ ಬದುವಿನ ಮೇಲೆ ಅಂಕಮ್ಮ ಕೂತಿದ್ದಾರೆ. ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಬೆಳಗಿನ ಚಳಿ. ದೂರದ ಯಾವುದೋ ಕೋವಿಲಿನ ಮೈಕಿನಲ್ಲಿ ಹಾಡು ಆಗಲೇ ಶುರುವಾಗಿದೆ. ಹೊಲದ ನಡುವೆ ನೈಲಾನ್ ಬಲೆ ಸುತ್ತಿದ ದೊಡ್ಡಿ, ಅದರೊಳಗೆ ಒಂದಕ್ಕೊಂದು ಒತ್ತಿಕೊಂಡು ಮಲಗಿದ ಕುರಿಗಳು. ಅಂಕಮ್ಮನ ತೊಡೆಯ ಮೇಲೊಂದು ನೀಲಿ ಪೆಟ್ಟಿಗೆ, ಅದಕ್ಕೆ ಸುತ್ತಿದ ಕಂಬಳಿಯ ತುಂಡು. ನಡುಗುತ್ತಿರುವುದು ಇವರು, ಕಂಬಳಿ ಹೊದ್ದಿರುವುದು ಪೆಟ್ಟಿಗೆ! ಕೇಳಿದರೆ, “ನಂಗೇನಾಯ್ತದೆ ಸಾರ್, ಮಿಷಿನ್ನಿಗೆ ಚಳಿ ಇಡುದ್ರೆ ತಪ್ಪು ತಪ್ಪು ಏಳ್ತದೆ” ಎನ್ನುತ್ತಾರೆ.

ಬಲೆಯೊಳಗೆ ಕುರಿಗಾರ ಎಲ್ಲಪ್ಪ ಎದ್ದು ಓಡಾಡುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಆದರೂ ಅಂಕಮ್ಮ ಕೂಗುವುದಿಲ್ಲ. ಮಂದೆಯ ಮುಂದಾಳು ಕುರಿ ಬಲೆ ದಾಟಿ ಹೊರಗೆ ಕಾಲಿಡುವವರೆಗೆ ಹೊರಗಿನವರು ಕುರಿಗಾರನನ್ನು ಹೆಸರು ಹಿಡಿದು ಕರೆಯಬಾರದು ಎಂಬುದು ಇವರ ಮನೆತನಗಳಲ್ಲಿ ನಡೆದುಬಂದ ಕಟ್ಟಳೆ. ಕರೆದರೆ ಆ ದಿನ ಮಂದೆ ಚದುರಿ ಹೋಗುತ್ತದಂತೆ. ಅಂಕಮ್ಮ ಸ್ವತಃ ಕುರಿಗಾರನ ಮಗಳು. ಹಾಗಾಗಿ ಬಾಯಿ ಬಿಗಿಹಿಡಿದು ಕೂತಿದ್ದಾರೆ. ಕಾರಿಮಂಗಲಂ ಬಳಿಯ ತಮ್ಮ ಊರಿಂದ ಕತ್ತಲಲ್ಲೇ ಬಸ್ಸು ಹತ್ತಿ, ತೊಪ್ಪೂರು ಘಾಟ್ ದಾಟಿ, ಇಲ್ಲಿಗೆ ನಡೆದು ಬಂದಿರುವುದು ಈ ಒಬ್ಬ ಮನುಷ್ಯನ ಒಂದು ಹನಿ ರಕ್ತಕ್ಕಾಗಿ.

ಎಲ್ಲಪ್ಪ ಬಲೆ ಎತ್ತುತ್ತಾರೆ. ಕೊಂಬು ತಿರುಚಿದ ಮುಂದಾಳು ಕುರಿ ಹೊರಗೆ ಕಾಲಿಡುತ್ತದೆ. ಅದೇ ಹೊತ್ತಿಗೆ ಎಲ್ಲಪ್ಪನವರ ಕಣ್ಣು ಬದುವಿನ ಮೇಲಿನ ನೀಲಿ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಮಂದೆಯನ್ನು ಗಕ್ಕನೆ ಏರಿಯ ಕಡೆಗೆ ತಿರುಗಿಸಿ ಬಿರಬಿರನೆ ನಡೆದೇಬಿಡುತ್ತಾರೆ. “ಲಾ ಎಲ್ಲಪ್ಪಾ! ನಿಂತ್ಕಳ್ಲಾ!” ಎಂದು ಅಂಕಮ್ಮ ಕೂಗಿದ್ದು ಧೂಳಿನಲ್ಲಿ ಹೋಗುತ್ತದೆ. ಸ್ವಲ್ಪ ಹೊತ್ತು ನಿಂತು ನೋಡುತ್ತಾರೆ, ಮತ್ತೆ ಬದುವಿನ ಮೇಲೆ ಕೂತು ಚಪ್ಪಲಿಯ ಮಣ್ಣು ಕೊಡವುತ್ತಾರೆ.

“ಓಗ್ಲಿ ಬುಡಿ. ಅವನ್ಗೆ ಕಾಲ್ ಅವೆ, ಓಯ್ತಾನೆ. ನಂಗೂ ಕಾಲ್ ಅವೆ.”

ಎಲ್ಲಪ್ಪ ಯಾಕೆ ಓಡುತ್ತಾರೆ, ಅಂಕಮ್ಮ ಯಾಕೆ ಅಟ್ಟಿಸಿಕೊಂಡು ಬರುತ್ತಾರೆ ಎಂಬುದು ತಿಳಿಯಬೇಕಾದರೆ ಆ ಪೆಟ್ಟಿಗೆಯೊಳಗೆ ಇಣುಕಬೇಕು. ಸೇಲಂನ ಕಾಲೇಜೊಂದರ ಪ್ರಯೋಗಾಲಯದಲ್ಲಿ ತಯಾರಾಗುತ್ತಿರುವ ಬಯೋಸೆನ್ಸರ್ ಅದರಲ್ಲಿದೆ. ಬೆರಳ ತುದಿಯ ಒಂದು ಹನಿ ರಕ್ತ, ಉಗುರಿನಗಲದ ಪಟ್ಟಿ, ಆ ಪಟ್ಟಿಯನ್ನು ಓದುವ ಅಂಗೈಯಗಲದ ಯಂತ್ರ, ಇಷ್ಟೇ ಸಾಮಾನು. ಲಿವರಿನಲ್ಲಿ ಕ್ಯಾನ್ಸರ್ ಹುಟ್ಟಿಕೊಂಡಾಗ ಅನೇಕರ ರಕ್ತದಲ್ಲಿ ಒಂದು ಬಗೆಯ ಪ್ರೋಟೀನು ಹೆಚ್ಚುತ್ತದೆ. ಪಟ್ಟಿಗೆ ಬಳಿದ ತೆಳ್ಳನೆಯ ಚಿನ್ನದ ಲೇಪದ ಮೇಲಿರುವ ವಸ್ತು ಆ ಪ್ರೋಟೀನನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಹಿಡಿದಷ್ಟೂ ಪಟ್ಟಿಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತದೆ, ಯಂತ್ರ ಅದನ್ನು ಅಂಕಿ ಮಾಡಿ ತೋರಿಸುತ್ತದೆ. ಅಂಕಿ ಏರಿದ ಮಾತ್ರಕ್ಕೆ ಕ್ಯಾನ್ಸರ್ ಎಂದೇನಲ್ಲ. ಮತ್ತೆ ನೋಡಬೇಕು, ಆಗಲೂ ಏರುತ್ತಿದ್ದರೆ ಸ್ಕ್ಯಾನ್ ಆಗಬೇಕು. ಇನ್ನೂ ಪರೀಕ್ಷೆಯ ಹಂತದಲ್ಲಿರುವ ಸಾಧನ ಇದು, ಕೊನೆಯ ಮಾತು ಆಸ್ಪತ್ರೆಯದೇ.

ಈ ಪಟ್ಟಿಯನ್ನು ರೂಪಿಸಿದ ತಂಡದ ಸಂಶೋಧಕ ಅರವಿಂದ್ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿ ಇದನ್ನೆಲ್ಲ ವಿವರಿಸುತ್ತಾರೆ. ಅಂಕಮ್ಮ ಹಟ್ಟಿಗಳಲ್ಲಿ ವಿವರಿಸುವ ರೀತಿ ಬೇರೆ. “ಮಂದೇಲಿ ಅಷ್ಟೊಂದು ಮರಿ ಇದ್ರೂ ತಾಯಿ ಕುರಿ ತನ್ ಮರೀನ ಮಾತ್ರ ಮೂಸಿ ಇಡ್ಕಂತದಲ್ಲ, ಈ ಪಟ್ಟೀನೂ ಅಂಗೇಯ. ಬೇರೆ ಮರಿ ಬಂದ್ರೆ ಒದ್ದು ಕಳುಸ್ತದೆ.” ಇದನ್ನು ಕೇಳಿದ ಮೇಲೆ ಅರವಿಂದ್ ಕೂಡ ಕಾಲೇಜಿಗೆ ಬಂದವರಿಗೆಲ್ಲ ಕುರಿಮರಿಯ ಕಥೆಯಿಂದಲೇ ಶುರು ಮಾಡುತ್ತಾರಂತೆ.

ಅಂಕಮ್ಮ ಸುತ್ತುವುದು ಧರ್ಮಪುರಿ, ಸೇಲಂ ಜಿಲ್ಲೆಗಳ ಒಣಸೀಮೆಯ ಕನ್ನಡ ಮಾತಿನ ಹಟ್ಟಿಗಳನ್ನು. ಹಿಂದೊಮ್ಮೆ ನಡೆದ ಶಿಬಿರದಲ್ಲಿ ಈ ಹಟ್ಟಿಗಳ ಹಲವರ ರಕ್ತದಲ್ಲಿ ಹೆಪಟೈಟಿಸ್-ಬಿ ವೈರಸ್ ಕಂಡಿತ್ತು. ಹರಕೆಯ ಮುಡಿ ತೆಗೆಸುವಾಗ ಮನೆಮಂದಿಗೆಲ್ಲ ಒಂದೇ ಬ್ಲೇಡು ಓಡಾಡಿದರೆ ಸಾಕು, ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಕುಡಿಯದವರಿಗೂ ಬರುತ್ತದೆ. ಬಂದದ್ದು ಗೊತ್ತಾಗದೆ ವರ್ಷಗಟ್ಟಲೆ ಒಳಗೇ ಇದ್ದು ಲಿವರನ್ನು ಕೆಡಿಸುತ್ತದೆ. ಲಿವರ್ ಬೇಗ ನೋಯುವ ಅಂಗವೂ ಅಲ್ಲ. ನೋವು ಕಂಡು ಆಸ್ಪತ್ರೆಗೆ ಓಡುವ ಹೊತ್ತಿಗೆ ಎಷ್ಟೋ ಸಲ ಕೈಮೀರಿರುತ್ತದೆ. ಅಂಕಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರ ಗಂಡ ಗೋವಿಂದರಾಜ್ ಸೇಲಂ ಕಡೆಯ ಸಬ್ಬಕ್ಕಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮರಗೆಣಸಿನ ಹಾಲು ಬಸಿದು ಮಾಡಿದ ಸಬ್ಬಕ್ಕಿಯನ್ನು ಅಂಗಳದಲ್ಲಿ ಹರಡಿ ಒಣಗಿಸುವ ಕೆಲಸ. ವಾರಕ್ಕೊಮ್ಮೆ ಊರಿಗೆ ಬರುವಾಗ ರೆಪ್ಪೆಯ ಮೇಲೂ ಬಿಳಿ ಪುಡಿ ಇರುತ್ತಿತ್ತಂತೆ. ಒಂದು ವರ್ಷ ಇದ್ದಕ್ಕಿದ್ದಂತೆ ಸೊರಗಿದರು. ಕಣ್ಣು ಹಳದಿಯಾಯಿತು, ಕಾಮಾಲೆ ಎಂದು ಸೊಪ್ಪಿನ ಮದ್ದು ಕುಡಿಸಿದರು. ಹೊಟ್ಟೆ ಊದಿತು. ಆಸ್ಪತ್ರೆಗೆ ಹೋದಾಗ ಡಾಕ್ಟರು ಅಂಕಮ್ಮನನ್ನು ಹೊರಗೆ ಕರೆದು, ಇಷ್ಟು ದಿನ ಏನಮ್ಮಾ ಮಾಡುತ್ತಿದ್ದಿರಿ ಎಂದು ಕೇಳಿದರು. ಆ ವರ್ಷದ ಆಡಿ ತಿಂಗಳನ್ನು, ಅಂದರೆ ಆಷಾಢವನ್ನು, ಅವರು ದಾಟಲಿಲ್ಲ.

ಸಾವಿಗಿಂತ ಭಾರವಾಗಿ ಮೇಲೆ ಬಿದ್ದದ್ದು ಊರಿನ ಮಾತು. ಲಿವರ್ ಕೆಟ್ಟು ಸತ್ತ ಅಂದರೆ ಕುಡಿದು ಸತ್ತ ಅಂತಲೇ ಅರ್ಥ, ಇನ್ನೇನು ಕೇಳುವುದಿದೆ! ಹೆಣದ ಮುಂದೆ ಅಳಲು ಬಂದವರೇ ಹಿಂದೆ ಸರಿದು, ಒಳಗೊಳಗೇ ಹಾಕುತ್ತಿದ್ದನೆಂದು ಕಾಣುತ್ತದೆ ಎಂದು ಪಿಸುಗುಟ್ಟಿದ್ದು ಅಂಕಮ್ಮನ ಕಿವಿಗೆ ಬಿದ್ದಿದೆ. ಮಗಳು ಶಾಂತಿಯನ್ನು ಸ್ಕೂಲಿನಲ್ಲಿ ಜೊತೆಯ ಹುಡುಗಿಯರು “ಉಂಗಪ್ಪ ಕುಡಿಕಾರರಾ?”, ನಿಮ್ಮಪ್ಪ ಕುಡುಕರಾ ಎಂದು ಕೇಳಿದರು. ಶಾಂತಿ ಮನೆಗೆ ಬಂದು ಅದೇ ಪ್ರಶ್ನೆಯನ್ನು ಅಮ್ಮನಿಗೆ ಕೇಳಿದಳು.

“ಬೀಡಿ ಸೇದೋರು, ಅದು ನಿಜ. ಟೀಗೆ ಬೊಗಸೆ ಬೊಗಸೆ ಸಕ್ರೆ ಆಕ್ಕೊಳ್ಳೋರು, ಅದೂ ನಿಜ. ಇರೋದು ಏಳ್ಲಿ ಸಾರ್. ಇಲ್ದಿದ್ದು ಯಾಕೆ ಏಳ್ತಾರೆ?” ಇಷ್ಟು ವರ್ಷವಾದರೂ ಈ ಮಾತು ಹೇಳುವಾಗ ಅಂಕಮ್ಮನ ದನಿ ಏರುತ್ತದೆ.

ಶಾಂತಿ ಈಗ ಗಂಡನ ಜೊತೆ ಹೊಸೂರಿನಲ್ಲಿದ್ದಾಳೆ. ಫೋನು ತಪ್ಪದೆ ಬರುತ್ತದೆ, ಆದರೆ ಮಾತೆಲ್ಲ ತಮಿಳಿನಲ್ಲಿ. ಅಂಕಮ್ಮ ಕನ್ನಡದಲ್ಲಿ ಕೇಳುತ್ತಾರೆ, ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮನೆಯಲ್ಲಿ ಕನ್ನಡ ಆಡಲು ಯಾರೂ ಇಲ್ಲ. “ಕೋಳಿ ಜೊತೆ ಮಾತಾಡ್ತೀನಿ. ಅದೂ ಈಗ ಪೋ ಪೋ ಅಂದ್ರೇನೇ ಓಗೋದು” ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಗಂಡ ಹೋದ ಮೇಲೆ ಕಾರಿಮಂಗಲಂನ ಸಣ್ಣ ಕ್ಲಿನಿಕ್ಕೊಂದರಲ್ಲಿ ಆಯಾ ಆಗಿದ್ದರು. ಸೇಲಂನ ಸಂಶೋಧನಾ ತಂಡದ ಹುಡುಗರು ಹಟ್ಟಿಗಳಿಗೆ ಬಂದು ತಮಿಳಿನಲ್ಲಿ ಕೇಳಿಕೊಂಡರೆ, ಹಿರಿಯರು ಸರಿ ಸರಿ ಎಂದು ತಲೆಯಾಡಿಸಿ ಮರುದಿನ ಕುರಿ ಹೊಡೆದುಕೊಂಡು ಗುಡ್ಡ ಹತ್ತಿಬಿಡುತ್ತಿದ್ದರು. ತಂಡದಲ್ಲಿದ್ದ ಲಿವರ್ ತಜ್ಞೆ ಡಾಕ್ಟರ್ ವನಿತಾ, ಅವರ ಮಾತಿನಲ್ಲೇ ಮಾತಾಡುವವರು ಬೇಕೆಂದು ಹುಡುಕಿಕೊಂಡು ಬಂದಾಗ ಸಿಕ್ಕವರು ಅಂಕಮ್ಮ. ಚುಚ್ಚುವುದನ್ನೂ ಯಂತ್ರ ಓದುವುದನ್ನೂ ಕಲಿಸಿದರು, ಸ್ಕೂಟಿ ಕೊಟ್ಟರು. ಅಂದಿನಿಂದ ಅವರು ಹಟ್ಟಿಗಳಲ್ಲಿ ಪೆಟ್ಟಿ ಅಕ್ಕ.

ಅವರ ಕೆಲಸಕ್ಕೊಂದು ಕ್ರಮವಿದೆ. ಅಂಗಳದಲ್ಲಿ ಕೂತು ಮೊದಲು ತಮ್ಮ ಬೆರಳನ್ನೇ ಚುಚ್ಚಿಕೊಂಡು ತೋರಿಸುತ್ತಾರೆ. ಆಮೇಲೆ ಹೊಸ ಸೂಜಿ ಬಿಚ್ಚಿ ಮುಂದಿರುವವರ ಬೆರಳಿಗೆ ಕೈ ಹಾಕುತ್ತಾರೆ. ಅಂಕಿ ಮೂಡುವವರೆಗಿನ ಹೊತ್ತಿನಲ್ಲಿ ಕಾಯಿಲೆಯ ಸುದ್ದಿ ಎತ್ತುವುದಿಲ್ಲ, ಮರಿ ಎಷ್ಟು ಹಾಕಿದವು, ಮೇವು ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಅಂಕಿಯನ್ನು ಆ ಮನುಷ್ಯನಿಗೆ ಬಿಟ್ಟು ಬೇರೆ ಯಾರಿಗೂ ಹೇಳುವ ಹಾಗಿಲ್ಲ. “ಈ ಸೀಮೇಲಿ ಅರ್ಧ ಜನದ ಗುಟ್ಟು ನನ್ ಒಟ್ಟೇಲೈತೆ. ಯಾರ್ ತಾವ ಏಳ್ಕಳ್ಳಿ?”

ಇಷ್ಟು ಜಾಗರೂಕರಾದ ಅಂಕಮ್ಮ ಶುರುವಿನಲ್ಲೇ ಒಂದು ಎಡವಟ್ಟು ಮಾಡಿದ್ದರು. ಊರಿಗೆ ಹತ್ತಿರದ ಒಂದು ಹಟ್ಟಿ. ಜನ ಸೇರಿ ಗದ್ದಲವಾಗಿದೆ. ಯಾರನ್ನು ಮತ್ತೆ ನೋಡಬೇಕು ಎಂಬುದು ತಪ್ಪದಿರಲೆಂದು, ಅಂಕಿ ಏರಿದ್ದವರ ಮಣಿಕಟ್ಟಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದರು. ಪೆಟ್ಟಿಗೆಯಲ್ಲಿ ಇದ್ದದ್ದು ಕೆಂಪು ಪೆನ್ನು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಗೆರೆ ಎಳೆಸಿಕೊಂಡ ಒಬ್ಬರೂ ಹಟ್ಟಿಯಲ್ಲಿಲ್ಲ! ಮಂದೆ ಸಮೇತ ಮಾಯ.

ಕುರಿಗಾರರಲ್ಲಿ ಸಂತೆಯ ವ್ಯಾನು ಬರುವ ಹಿಂದಿನ ದಿನ ಮಾರುವ ಕುರಿಗಳನ್ನು ಆರಿಸಿ ಬೆನ್ನಿಗೆ ಕೆಂಪು ಬಳಿಯುತ್ತಾರೆ. ಕೆಂಪು ಬಿದ್ದ ಕುರಿ ಕಸಾಯಿಗೆ ಹೋಗುವ ಕುರಿ. ಆ ಬಣ್ಣವನ್ನು ಮನುಷ್ಯರ ಕೈಗೆ ಹಚ್ಚಿದರೆ ಯಾರು ತಾನೆ ನಿಂತಾರು? “ಬೇರೆ ಯಾರಾದ್ರೂ ಮಾಡಿದ್ರೆ ಗೊತ್ತಿಲ್ದೆ ಮಾಡುದ್ರು ಅನ್ನಬೋದು. ನಮ್ಮಪ್ಪ ಬಣ್ಣ ಕಲಸ್ತಿದ್ದಾಗ ಡಬ್ಬ ಇಡ್ಕಂಡು ನಿಂತಿದ್ದೋಳು ನಾನು. ಪೆನ್ ಅಂತ ನೋಡುದ್ನೇ ಒರತು ಕೆಂಪು ಅಂತ ನೋಡ್ಲಿಲ್ಲ” ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಹೋದವರಲ್ಲಿ ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಸಿಕ್ಕರು, ಮತ್ತೆ ನೋಡಿದಾಗ ಅವರ ಅಂಕಿ ಇಳಿದಿತ್ತು. ಸಿಗದೆ ಉಳಿದವರು ಎಲ್ಲಪ್ಪ ಒಬ್ಬರೇ. ಎಲ್ಲರಿಗಿಂತ ಹೆಚ್ಚು ಅಂಕಿ ಬಂದದ್ದೂ ಅವರದೇ.

ಆ ಬೆಳಗಿನಿಂದ ಅಂಕಮ್ಮನ ಪೆಟ್ಟಿಗೆಯಲ್ಲಿ ಯಾವ ಬಣ್ಣದ ಪೆನ್ನೂ ಇಲ್ಲ. ಅದರ ಬದಲು ಎರಡನೇ ಸುತ್ತು ಶುರುವಾಯಿತು. ಪೆಟ್ಟಿ ಅಕ್ಕನ ಸ್ಕೂಟಿ ಯಾರ ಮನೆ ಮುಂದೆ ಎರಡನೇ ಸಲ ನಿಂತಿತೋ ಆ ಮನೆಯಲ್ಲಿ ಏನೋ ಇದೆ ಎಂದು ಊರು ಲೆಕ್ಕ ಹಾಕುತ್ತದಲ್ಲ, ಅದಕ್ಕೇ ಅವರು ಎಲ್ಲರ ಮನೆಗೂ ಎರಡನೇ ಸಲ ಹೋಗುತ್ತಾರೆ. ಅಂಕಿ ಏರಿದವರ ಮನೆಗೂ, ಏನೂ ಇಲ್ಲದವರ ಮನೆಗೂ. ಇದರಿಂದ ಪಟ್ಟಿಗಳು ಸುಮ್ಮನೆ ಖರ್ಚಾಗುತ್ತವಲ್ಲ ಎಂದು ಅರವಿಂದ್ ಮೊದಲು ಚಿಂತಿಸಿದ್ದರಂತೆ. “ಪಟ್ಟಿ ಬೇಡ ಸಾರ್, ಬಾಗ್ಲಲ್ಲಿ ಕೂತು ಎದ್ದು ಬರೋಕೆ ಪಟ್ಟಿ ಯಾಕೆ?” ಎಂದರು ಅಂಕಮ್ಮ. ಅರವಿಂದ್ ಆಗಲಿ ಎಂದರು.

ಕೇಳಲು ಚೆನ್ನಾಗಿದೆ. ಆದರೆ ಈ ಎರಡನೇ ಸುತ್ತಿನಲ್ಲಿ ಅಂಕಮ್ಮ ನಡೆಯುವ ಓಣಿ ಬಹಳ ಉದ್ದ. ಮೊದಲ ಸಲ ಕುತೂಹಲಕ್ಕೆ ಬಂದವರೆಲ್ಲ ಎರಡನೇ ಸಲ ಹೆದರಿಕೊಳ್ಳುತ್ತಾರೆ. ಸ್ಕೂಟಿಯ ಸದ್ದು ಕೇಳಿದೊಡನೆ “ಪೆಟ್ಟಿ ಬಂತು!” ಎಂಬ ಕೂಗು ಏಳುತ್ತದೆ, ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಪೆಟ್ಟಿ ಬಂತು ಅನ್ನುತ್ತಾರೆಯೇ ಹೊರತು ಅಂಕಮ್ಮ ಬಂದಳು ಅನ್ನುವುದಿಲ್ಲ. ಮುಚ್ಚಿದ ಬಾಗಿಲಿನ ಮುಂದೆಯೂ ಅವರು ಜಗುಲಿಯ ಅಂಚಿನಲ್ಲಿ ಒಂದಿಷ್ಟು ಹೊತ್ತು ಕೂತೇ ಏಳುತ್ತಾರೆ. ಊರ ಕಣ್ಣಿಗೆ ಎಲ್ಲ ಮನೆಯೂ ಒಂದೇ ಸಮನಾಗಿ ಕಾಣಬೇಕಲ್ಲ! ಮಧ್ಯಾಹ್ನ ಊರ ಹೊರಗಿನ ಹುಣಸೆಮರದ ಕೆಳಗೆ ಡಬ್ಬಿ ಬಿಚ್ಚಿ ಒಬ್ಬರೇ ಉಣ್ಣುತ್ತಾರೆ. ಕುರಿಗಾರರ ಹಟ್ಟಿಯಲ್ಲಿ ಬಂದವರನ್ನು ಉಣ್ಣು ಅನ್ನದೆ ಕಳಿಸುವುದಿಲ್ಲ. ಅಂಕಮ್ಮನನ್ನು ಮಾತ್ರ ಯಾರೂ ಕರೆಯುವುದಿಲ್ಲ. ಅದು ಅವರಿಗೆ ನೋಯುತ್ತದೆ, ನೋಯುತ್ತದೆ ಎಂದು ಹೇಳುತ್ತಾರೆ ಕೂಡ.

ಇರಲಿ, ಎಲ್ಲಪ್ಪನವರ ಹಿಂದೆ ಹೋಗೋಣ. ಓಮಲೂರಿನ ಹೊಲದಿಂದ ಬರಿಗೈಲಿ ಬಂದ ಅಂಕಮ್ಮ ಟೀ ಅಂಗಡಿಗಳಲ್ಲಿ ಕೇಳುತ್ತಾರೆ, ಟೌನ್ ಬಸ್ಸಿನ ಕಂಡಕ್ಟರುಗಳಿಗೆ ನಂಬರು ಕೊಟ್ಟು ಬರುತ್ತಾರೆ. ಡಾಕ್ಟರ್ ವನಿತಾ ಫೋನಿನಲ್ಲಿ ಹೇಳಿರುವುದು ಒಂದೇ ಮಾತು: ಅವರಿಗೆ ಇರುವುದು ನಾವು ಹೆದರುವಂಥದ್ದೇ ಆಗಿದ್ದರೆ, ಈಗಾದರೆ ತೆಗೆಯಬಹುದು, ಬೇಸಿಗೆ ಕಳೆದ ಮೇಲೆ ಆಗದಿರಬಹುದು. ಎರಡನೇ ಸಲ ಪತ್ತೆ ಹಚ್ಚಿ ಹೋದಾಗ ಎಲ್ಲಪ್ಪ ಮತ್ತೆ ತಪ್ಪಿಸಿಕೊಂಡರು. ಮೂರನೇ ಸಲ ಕಾಡಯ್ಯಂಪಟ್ಟಿ ಕಡೆಯ ಹೊಲವೊಂದರಲ್ಲಿ ಅವರು ಓಡಲಾಗಲಿಲ್ಲ. ಕುರಿಯೊಂದು ಈಯುತ್ತಿತ್ತು.

ಮಂದೆ ಆಗಲೇ ಬಲೆ ದಾಟಿ ಹೊರಗೆ ಹರಡಿದೆ. ಈಯಲಾರದೆ ಒದ್ದಾಡುತ್ತಿರುವ ಕುರಿಯ ಹಿಂದೆ ಎಲ್ಲಪ್ಪ ಮಂಡಿಯೂರಿ ಕೂತಿದ್ದಾರೆ. ಅಂಕಮ್ಮ ಪೆಟ್ಟಿಗೆ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಏನೂ ಕೇಳದೆ ಕುರಿಯ ತಲೆ ಹಿಡಿದುಕೊಂಡು ಕೂತುಬಿಟ್ಟರು.

“ಯಾಕಕ್ಕ ಇಂಗೆ ನನ್ ಇಂದೆ ಬಿದ್ದಿದೀಯ?” ಎಂದರು ಎಲ್ಲಪ್ಪ, ತಲೆ ಎತ್ತದೆ.

“ನಿನ್ ಇಂದೆ ಬೀಳೋಕೆ ನೀನೇನು ಸಿನ್ಮಾ ಈರೋನಾ? ಬೆರಳು ಕೊಡು, ಓಯ್ತೀನಿ.”

“ಕೆಂಪು ಆಕ್ದೋಳು ನೀನೇ ತಾನೆ?”

“ಊಂ, ನಾನೇ. ತಪ್ಪಾಯ್ತು ಕಣ್ಲಾ.”

ಎಲ್ಲಪ್ಪ ಕುರಿಯ ಬೆನ್ನು ನೀವಿದರು. “ಕೆಂಪು ಬಿದ್ದ ಕುರಿ ತಿರ್ಗಿ ಮಂದೆಗೆ ಬಂದದ್ದ ನೀನು ಎಂದಾದ್ರೂ ನೋಡಿದೀಯ ಅಕ್ಕ?”

“ಇಲ್ಲ.”

“ನಾನೂ ನೋಡಿಲ್ಲ.”

ಮರಿ ಹೊರಬಂತು. ತಾಯಿ ಅದನ್ನು ಮೂಸಿ ನೆಕ್ಕತೊಡಗಿತು. ಎಲ್ಲಪ್ಪ ಕೈ ತೊಳೆದು ಒರೆಸಿಕೊಂಡು, ಮುಖ ಆ ಕಡೆ ತಿರುಗಿಸಿ, ಬೆರಳು ಚಾಚಿದರು. ಅಂಕಮ್ಮ ಎಂದಿನಂತೆ ಮೊದಲು ತಮ್ಮ ಬೆರಳನ್ನು ಚುಚ್ಚಿಕೊಂಡರು. ಅವತ್ತು ಮಾತ್ರ ಮೇವಿನ ಸುದ್ದಿ ಬರಲಿಲ್ಲ. ಯಂತ್ರ ತೋರಿಸಿದ ಅಂಕಿ ಹಿಂದಿನದಕ್ಕಿಂತ ಮೇಲಿತ್ತು. ಹೇಗೆ ಹೇಳುವುದೆಂದು ಅವರು ಯೋಚಿಸಿಟ್ಟುಕೊಂಡದ್ದೆಲ್ಲ ಮರೆತುಹೋಗಿ, “ಏರೈತೆ ಎಲ್ಲಪ್ಪ. ಇದೇ ಕಾಯಿಲೆ ಅಂತ ಅಲ್ಲ. ಸ್ಕ್ಯಾನ್ ಮಾಡ್ಸಬೇಕು. ನಾಳೇನೇ ಓಗ್ಬೇಕು” ಎಂದುಬಿಟ್ಟರು.

“ನಾನು ಕುಡಿಯಲ್ಲ ಅಕ್ಕ,” ಎಂದರು ಎಲ್ಲಪ್ಪ. ಅವರ ಬಾಯಿಂದ ಮೊದಲು ಬಂದದ್ದು ಅದು.

“ಗೊತ್ತು ಕಣ್ಲಾ. ನಂಗೊತ್ತು.”

ಆಮೇಲೆ ಬಂದದ್ದು ಕುರಿಗಳ ಪ್ರಶ್ನೆ. ಆಸ್ಪತ್ರೆಗೆ ಜೊತೆಗೆ ಹೆಂಡತಿ ಪೆದ್ದಮ್ಮ ಬರಬೇಕು. ದಾಯಾದಿ ಮುನಿಸ್ವಾಮಿ ತಮ್ಮ ಮಂದೆ ಹೊಡೆದುಕೊಂಡು ಹೊಗೆನಕಲ್ ಕಡೆ ಹೋಗಿದ್ದಾರೆ. ಈ ಮಂದೆಯನ್ನು ನೋಡುವವರು ಯಾರು? ಕುರಿ ಬಿಟ್ಟು ಬರುವುದಿಲ್ಲ ಎಂದು ಎಲ್ಲಪ್ಪ ಕೂತೇಬಿಟ್ಟರು. ಅವರಿಗೆ ಅದೊಂದು ನೆಪವೂ ಆಗಿತ್ತು ಎಂಬುದು ಅಂಕಮ್ಮನಿಗೆ ಗೊತ್ತು. “ನಾನ್ ನೋಡ್ಕಂತೀನಿ, ನೀನು ಎದ್ದೇಳು” ಎಂದರು.

“ನೀನಾ? ಪೆಟ್ಟಿ ಇಡ್ಕಂಡು ಕುರಿ ಕಾಯ್ತೀಯ?”

“ಪೆಟ್ಟಿ ಮನೇಲಿರ್ತದೆ. ಕಂಬ್ಳಿ ಕೊಡು.”

ಕುರಿಗಳು ಹೊಸಬರ ಹಿಂದೆ ಸುಲಭವಾಗಿ ಹೋಗುವುದಿಲ್ಲ. ಕುರಿಗಾರ ದಿನವೂ ಹೊದೆಯುವ ಕಂಬಳಿಯ ವಾಸನೆ ಇದ್ದರೆ ಹೋಗುತ್ತವೆ. ಕುರಿಗಾರ ತನ್ನ ಕಂಬಳಿಯನ್ನು ಮನೆಯವರಲ್ಲದವರಿಗೆ ಕೊಡುವುದೂ ಇಲ್ಲ. ಆದರೂ ಎಲ್ಲಪ್ಪ ಹೆಗಲ ಮೇಲಿನದನ್ನು ತೆಗೆದು ಕೊಟ್ಟರು. ಅಂಕಮ್ಮ ಅರವಿಂದರಿಗೆ ಫೋನು ಮಾಡಿ ರಜೆ ಕೇಳಿದರು. ಯಾಕೆ ಅಂದದ್ದಕ್ಕೆ ಕುರಿ ಕಾಯೋಕೆ ಅಂದರು. ಆ ಕಡೆಯಿಂದ “ಸರಿಕ್ಕಾ” ಎಂದ ಅರವಿಂದ್ ಸ್ಕ್ಯಾನಿಗೆ ವ್ಯವಸ್ಥೆ ಮಾಡಲು ಎದ್ದು ಹೋದರು.

ಎಲ್ಲಪ್ಪ ಸೇಲಂನಲ್ಲಿದ್ದ ದಿನಗಳಲ್ಲಿ ಅಂಕಮ್ಮ ಆ ಹೊಲಗಳಲ್ಲಿ ಕಂಬಳಿ ಹೊದ್ದು ಅಲೆದರು. ಮುಂದಾಳು ಕುರಿ ಮೊದಲ ಬೆಳಿಗ್ಗೆ ಕಂಬಳಿಯನ್ನು ಮೂಸಿ, ಮುಖ ನೋಡಿ, ಮತ್ತೆ ಮೂಸಿ, ಕೊನೆಗೆ ಹಿಂದೆ ಬಂತು. ಅದರ ಹಿಂದೆ ಮಿಕ್ಕವೆಲ್ಲ ಬಂದವು. ಹೊಲದೊಡೆಯ ಪಳನಿಸ್ವಾಮಿ ಬಂದು, ಗುರುತು ಸಿಗದೆ, “ಯಾರಮ್ಮಾ ನೀ?” ಎಂದು ಕೇಳಿದಾಗ ಅಂಕಮ್ಮ “ಆಟ್ಟುಕ್ಕಾರಿ” ಎಂದರು, ಕುರಿಯವಳು. ಪೆಟ್ಟಿ ಅಕ್ಕ ಅಲ್ಲದೆ ಇನ್ನೇನೋ ಆಗಿ ಎಷ್ಟೋ ಕಾಲವಾಗಿತ್ತು. ಬಯಲಿನಲ್ಲಿ ಒಬ್ಬರೇ, ಬೇಸರವಾಗಲಿಲ್ಲವೇ ಎಂದರೆ, “ಕುರಿ ಮುಖ ತಿರುಗ್ಸಲ್ಲ ಸಾರ್” ಎನ್ನುತ್ತಾರೆ.

ಫೋನು ಬಂದಾಗ ಅವರು ಹೊಸ ಮರಿಯನ್ನು ಎತ್ತಿಕೊಂಡು ನಿಂತಿದ್ದರು. ಆ ಕಡೆ ಪೆದ್ದಮ್ಮ. ಅಳುತ್ತಿದ್ದುದರಿಂದ ಮೊದಲು ಏನೂ ತಿಳಿಯಲಿಲ್ಲ. ಲಿವರಿನಲ್ಲಿ ಗಂಟು ಇರುವುದು ನಿಜ, ಆದರೆ ಒಂದೇ ಒಂದು, ಚಿಕ್ಕದು. ಕಡಲೆಬೀಜದಷ್ಟು ಎಂದು ಡಾಕ್ಟರಮ್ಮ ತೋರಿಸಿದರಂತೆ. ಚರ್ಮದ ಮೂಲಕ ಸೂಜಿ ಇಳಿಸಿ, ಅಲ್ಲೇ ಸುಟ್ಟುಹಾಕಬಹುದಂತೆ. ವೈರಸ್ಸಿಗೆ ದಿನಾ ಮಾತ್ರೆ ನುಂಗಬೇಕು, ತಪ್ಪದೆ ಬಂದು ತೋರಿಸುತ್ತಿರಬೇಕು.

“ಅವತ್ತು ಒಲದಾಗೆ ಕೂತು ಸಿಕ್ಕಾಪಟ್ಟೆ ಅತ್ತೆ. ಸಂತೋಸಕ್ಕಾ ಅಂದ್ರೆ ಸಂತೋಸಕ್ಕ. ಒಟ್ಟೆಕಿಚ್ಚಿಗಾ ಅಂದ್ರೆ ಅದೂ ಇತ್ತು ಸಾರ್, ಸುಳ್ ಯಾಕೆ ಏಳ್ಲಿ? ನಮ್ಮನೆಯವ್ರಿಗೂ ಒಂದ್ ಕಾಲ್ದಾಗೆ ಅದು ಕಡ್ಲೆಬೀಜದಷ್ಟೇ ಇದ್ದಿರ್ಬೇಕಲ್ವಾ? ಅವಾಗ ಯಾರೂ ನಮ್ ಬಾಗ್ಲಿಗೆ ಬರ್ಲಿಲ್ಲ.”

ಈಗ ಬೇಸಿಗೆ ಕಾಲಿಟ್ಟಿದೆ. ಎಲ್ಲಪ್ಪನವರ ಹಟ್ಟಿಗೆ ಈ ಬೆಳಿಗ್ಗೆ ಅಂಕಮ್ಮನ ಎರಡನೇ ಸುತ್ತು. ಸ್ಕೂಟಿ ಓಣಿಗೆ ತಿರುಗುವಷ್ಟರಲ್ಲಿ “ಪೆಟ್ಟಿ ಬಂತು!” ಎಂದು ಯಾರೋ ಕೂಗಿದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅಂಕಮ್ಮ ಅಭ್ಯಾಸವಾದವರಂತೆ ಸ್ಕೂಟಿ ನಿಲ್ಲಿಸಿ, ಮೊದಲ ಜಗುಲಿಯ ಅಂಚಿಗೆ ಹೋಗಿ ಕೂತರು.

ಓಣಿಯ ಕೊನೆಯಲ್ಲಿ, ದೊಡ್ಡಿಯ ಮುಂದೆ ಎಲ್ಲಪ್ಪ ಕುರಿಯೊಂದನ್ನು ಹಿಡಿದು, ಪಕ್ಕದಲ್ಲಿ ಕೆಂಪು ಬಣ್ಣದ ಡಬ್ಬ ಇಟ್ಟುಕೊಂಡು ನಿಂತಿದ್ದಾರೆ. ನಾಳೆ ಸಂತೆಯ ವ್ಯಾನು ಬರುತ್ತದೆ. ಮುಚ್ಚುತ್ತಿರುವ ಬಾಗಿಲುಗಳನ್ನು ಅವರು ನೋಡಿದರು, ಮುಚ್ಚಿದ ಬಾಗಿಲಿನ ಮುಂದೆ ಕೂತ ಅಂಕಮ್ಮನನ್ನು ನೋಡಿದರು. ನೋಡನೋಡುತ್ತಿದ್ದಂತೆ ಕುರಿಯನ್ನು ಬಿಟ್ಟು, ಡಬ್ಬದಲ್ಲಿ ಬೆರಳು ಅದ್ದಿ, ತಮ್ಮ ಮಣಿಕಟ್ಟಿನ ಮೇಲೆ ದಪ್ಪನೆಯ ಕೆಂಪು ಗೆರೆ ಎಳೆದುಕೊಂಡರು. ಕೈ ಮೇಲೆತ್ತಿಕೊಂಡು ಓಣಿಯ ನಡುವೆ ಬಂದು ನಿಂತರು.

“ಲೇ, ಬಾಗ್ಲು ತೆಗೀರ್ಲಾ! ನೋಡ್ರಿ ಇಲ್ಲಿ! ನಂಗೆ ಬಂದಿತ್ತು, ಕಲ್ಲೀರಲ್ ಕ್ಯಾನ್ಸರ್ರು, ಅದೇ ಲಿವರ್ದು. ಕುಡುದು ಬಂದದ್ದಲ್ಲ. ಈ ಅಕ್ಕ ಇಡುದ್ಲು, ಡಾಕ್ಟ್ರು ಸುಟ್ರು. ಕೆಂಪು ಬಿದ್ದು ತಿರ್ಗಿ ಬಂದ ಕುರಿ ನೋಡಿದೀರಾ? ಇಲ್ಲೈತೆ ನೋಡ್ಕಳ್ರಿ!”

ಮೊದಲು ಅಂಕಮ್ಮ ಕೂತಿದ್ದ ಜಗುಲಿಯ ಬಾಗಿಲೇ ಒಂದಿಷ್ಟು ತೆರೆದು, ಮುನಿಸ್ವಾಮಿಯ ಮುದಿ ತಾಯಿ ಒಳಗಿನಿಂದ ಬೆರಳು ಚಾಚಿದರು. ಎಲ್ಲ ಬಾಗಿಲೂ ತೆರೆದವು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಕೆಲವು ತೆರೆದವು. ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಪೆದ್ದಮ್ಮನ ದನಿ: “ಅಂಕಮ್ಮಕ್ಕಾ, ಇಟ್ಟು ಮಾಡಿವ್ನಿ, ಉಣ್ಣು ಬಾ!” ಅಂಕಮ್ಮನಿಗೆ ಕರೆದದ್ದು ತಮ್ಮನ್ನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಒಳಗೆ ಹೋಗಿ ರಾಗಿ ಹಿಟ್ಟಿನ ಮುಂದೆ ಕೂತವರು ಮೊದಲ ತುತ್ತು ಕೈಯಲ್ಲಿ ಹಿಡಿದು ತಲೆ ತಗ್ಗಿಸಿಯೇ ಇದ್ದರು. ಪೆದ್ದಮ್ಮ ಏನೂ ಕೇಳದೆ ಇನ್ನಷ್ಟು ಸಾರು ಬಡಿಸಿದರು.

ಮಧ್ಯಾಹ್ನ ಮುಂದಿನ ಹಟ್ಟಿ. ಅಲ್ಲಿ ಎಲ್ಲಪ್ಪ ಇಲ್ಲ. ಅದೇ ಕೂಗು, ಅವೇ ಮುಚ್ಚಿದ ಬಾಗಿಲುಗಳು, ಒಂದೊಂದರ ಮುಂದೆಯೂ ಕೂತು ಎದ್ದದ್ದಾಯಿತು. ಊರ ಹೊರಗಿನ ಹುಣಸೆಮರದ ಕೆಳಗೆ ಬಿಚ್ಚದ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಅಂಕಮ್ಮ ಪೆಟ್ಟಿಗೆಯ ಕಂಬಳಿ ಸರಿಮಾಡುತ್ತಿದ್ದಾರೆ. ಬರೆಯಲು ಬಂದವರು ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದ್ದಾರೆ: ನಿಮಗೇನಾದರೂ ಆಸೆ ಇದೆಯೇ? ಹೊಸ ಸ್ಕೂಟಿ, ಪಿಂಚಣಿ, ಒಂದು ಸನ್ಮಾನ?

ಅಂಕಮ್ಮ ಕಂಬಳಿಯ ಗಂಟು ಬಿಗಿದು ತಲೆ ಎತ್ತುತ್ತಾರೆ.

“ಇದು ಕನ್ನಡ ಪೇಪರ್ರಾ?” ಎಂದು ಕೇಳುತ್ತಾರೆ. ಹೌದು ಅಂದರೆ, “ನಂಗೆ ಓದಕ್ಕೆ ಬರಲ್ಲ. ನಾನ್ ಓದಿದ್ದು ತಮಿಳು. ನನ್ ಮಗ್ಳೂ ಓದಲ್ಲ, ನಮ್ಮೂರಾಗೆ ಯಾರೂ ಓದಲ್ಲ. ಆದ್ರೂ ಒಂದು ಬರ್ಕಳಿ ಸಾರ್. ನಮ್ಮನೆಯವ್ರು ಕುಡೀತಿರ್ಲಿಲ್ಲ. ಅದೊಂದು ಎಲ್ಲಾದ್ರೂ ಒಂದ್ ಕಡೆ ಅಚ್ಚಾಗಿರ್ಲಿ.”

ಪೆಟ್ಟಿಗೆ ಎತ್ತಿಕೊಂಡು ಅವರು ಸ್ಕೂಟಿಯ ಕಡೆಗೆ ನಡೆಯುತ್ತಾರೆ. ಇನ್ನೂ ಒಂದು ಹಟ್ಟಿ ಬಾಕಿ ಇದೆ.

ಸಬ್ಬಕ್ಕಿ ಕಾರ್ಖಾನೆಯ ಗೋವಿಂದರಾಜ್ ಕುಡಿಯುತ್ತಿರಲಿಲ್ಲ.